ಹಾಲಿನ ಬಾಟಲಿ, ಊರಿನ ಬಾಯಿ

ಪೋಲೆಂಡಿಗೂ ಬ್ಯಾಡಗಿಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಕೇಳಲಿ. ರಾಣೆಬೆನ್ನೂರಿನ ಗೆಳೆಯರೊಬ್ಬರ ಮನೆಯ ಗೋಡೆಗೆ ಬಿಳಿ ಧೋತರ ಕಟ್ಟಿ, ಹಾಸ್ಟೆಲ್ಲಿನ ಹದಿನೈದಿಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ನೋಡಿದ ಕೆಲವು ಪೋಲಿಷ್ ಚಿತ್ರಗಳ ಬಗ್ಗೆ ಬರೆಯುತ್ತಿದ್ದೇನೆ. ಆ ಭಾಷೆ ನನಗೆ ಬರುವುದಿಲ್ಲ. ತೆರೆಯ ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದಿ ಮಕ್ಕಳಿಗೆ ಹೇಳುತ್ತಾ ಹೋದೆ, ಅಷ್ಟೆ.

ಮೊದಲು ಆಂಜೆಯ್ ವಾಯ್ದಾನ ‘ಕನಾಲ್’ (1957). 1944ರಲ್ಲಿ ವಾರ್ಸಾ ನಗರ ಹಿಟ್ಲರನ ಸೈನ್ಯದ ವಿರುದ್ಧ ದಂಗೆ ಎದ್ದಿತು. ಸೋಲುತ್ತಿರುವ ಒಂದು ತುಕಡಿ ಊರ ಗಟಾರದೊಳಗೆ ಇಳಿಯುತ್ತದೆ. ಕತ್ತಲೆ, ಹೊಲಸು, ವಿಷಗಾಳಿಯ ಭಯ. ದಾರಿ ಹುಡುಕುತ್ತಲೇ ಒಬ್ಬೊಬ್ಬರಾಗಿ ಮುಗಿದು ಹೋಗುತ್ತಾರೆ. ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಮುಗಿದ ಮೇಲೆ ಹಿಂದೆ ಕೂತ ಹುಡುಗನೊಬ್ಬ ಕೇಳಿದ: “ಸರ, ಅವರು ಗಟಾರಕ್ಕ ಇಳದ್ರ ವೀರರು. ನಮ್ಮವರು ಇಳದ್ರ?”

ನಾನು ಸುಮ್ಮನಾದೆ. ಹಾವೇರಿಯಿಂದ ಸವಣೂರು ಒಂದು ತಾಸಿನ ದಾರಿಯೂ ಅಲ್ಲ. ಮಲ ಹೊರಿಸುವುದನ್ನು 1993ರಲ್ಲೇ ಕಾನೂನು ನಿಷೇಧಿಸಿತ್ತು. ಹದಿನೇಳು ವರ್ಷ ಕಳೆದು, 2010ರ ಜುಲೈಯಲ್ಲಿ, ಅಲ್ಲಿನ ಭಂಗಿ ಕುಟುಂಬದವರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಪುರಸಭೆಯ ಎದುರು ಮಲವನ್ನೇ ಮೈಮೇಲೆ ಸುರಿದುಕೊಂಡರು. ಆವತ್ತು ಕ್ಯಾಮರಾಗಳು ಬಂದವು. ತಲೆತಲಾಂತರ ಹೊತ್ತಾಗ ಬಾರದ ಕ್ಯಾಮರಾ, ಸುರಿದುಕೊಂಡಾಗ ಬಂತು.

ವಾಯ್ದಾ ದೊಡ್ಡ ನಿರ್ದೇಶಕ, ಅನುಮಾನವಿಲ್ಲ. ಆದರೆ ಅವನ ತೆರೆಯಲ್ಲಿ ಜಾಗ ಸಿಗುವುದು ಬಂದೂಕು ಹಿಡಿದವನಿಗೆ. ‘ಒಂದು ಪೀಳಿಗೆ’ (1955) ಚಿತ್ರದಲ್ಲಿ ಆಸರೆ ಕೇಳಿ ಬಂದ ಯಹೂದಿ ಪರಿಚಯಸ್ಥನನ್ನು ಪೋಲಿಷ್ ಹುಡುಗನೊಬ್ಬ ಬಾಗಿಲಿಂದಲೇ ಕಳಿಸಿಬಿಡುತ್ತಾನೆ. ನನಗೆ ಇಡೀ ಚಿತ್ರವೇ ಆ ಬಾಗಿಲಲ್ಲಿದೆ ಅನ್ನಿಸಿತು. ಕ್ಯಾಮರಾ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಾವೇನು ಕಮ್ಮಿಯಿಲ್ಲ. ಅದೇ ಮಹಾಯುದ್ಧದ ನಡುವೆ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಬ್ರಿಟಿಷ್ ಸರಕಾರದ ಕಂದಾಯದ ಹಣಕ್ಕೆ ಕೈಹಾಕಿ ಮೂವರು ಗುಂಡಿಗೆ ಬಿದ್ದರು. ಹದಿನೆಂಟು ದಿನ ಕಳೆದು ವಾರ್ಸಾದ ಯಹೂದಿ ಕೇರಿ ದಂಗೆ ಎದ್ದಿತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನು ಮಕ್ಕಳೆಲ್ಲ ಬಲ್ಲರು, ದಂಡಿ ಯಾತ್ರೆಗೆ ಹೋದದ್ದನ್ನೂ ಬಲ್ಲರು. ಉಳಿದಿಬ್ಬರು? ವೀರಯ್ಯ ಹಿರೇಮಠ ಅಂತ ಒಬ್ಬಳು ಹೇಳಿದಳು. ತಿರಕಪ್ಪ ಮಡಿವಾಳರ ಅನ್ನುವ ಹೆಸರು ಯಾರ ಬಾಯಿಂದಲೂ ಬರಲಿಲ್ಲ. ಮಹಾದೇವಪ್ಪನವರನ್ನು ಸಣ್ಣವರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಗುಂಡು ಮೂವರಿಗೂ ಒಂದೇ ಆಗಿತ್ತು, ನೆನಪು ಆಗಲಿಲ್ಲ.

ಈಗ ನಿಜವಾಗಿ ಹೇಳಬೇಕಾದ ಚಿತ್ರಕ್ಕೆ ಬರುತ್ತೇನೆ. ಪಾವೆಲ್ ಲೊಜಿನ್‌ಸ್ಕಿ 1992ರಲ್ಲಿ ತೆಗೆದ ಸಾಕ್ಷ್ಯಚಿತ್ರ, ‘ಹುಟ್ಟಿದ ಊರು’. ಮುಕ್ಕಾಲು ಗಂಟೆಯದು. ಹೆನ್ರಿಕ್ ಗ್ರಿನ್‌ಬರ್ಗ್ ಅನ್ನುವ ಯಹೂದಿ ಲೇಖಕ, ಬಾಲಕನಾಗಿದ್ದಾಗ ಜೀವ ಉಳಿಸಿಕೊಂಡು ಆಮೇಲೆ ಅಮೆರಿಕ ಸೇರಿದವನು, ತನ್ನ ಹಳ್ಳಿಗೆ ಮರಳುತ್ತಾನೆ. ಅಪ್ಪನನ್ನು ಕೊಂದದ್ದು ಯಾರು, ಹುಗಿದದ್ದು ಎಲ್ಲಿ, ಇಷ್ಟೇ ಅವನ ಪ್ರಶ್ನೆ. ಮನೆಯಿಂದ ಮನೆಗೆ ಹೋಗಿ ಮುದುಕ ಮುದುಕಿಯರನ್ನು ಕೇಳುತ್ತಾನೆ. ಬೈಯುವುದಿಲ್ಲ, ಅಳುವುದಿಲ್ಲ. ಹಳಬರಿಗೆ ಅವನ ಮನೆತನದ ಗುರುತು ಹತ್ತುತ್ತದೆ. ನಾವು ಒಂದಿಷ್ಟು ರೊಟ್ಟಿ ಕೊಟ್ಟಿದ್ದೆವು ಅನ್ನುತ್ತಾರೆ. ಆಮೇಲೆ ದನಿ ಸಣ್ಣದಾಗುತ್ತದೆ, ಒಬ್ಬರು ಇನ್ನೊಬ್ಬರತ್ತ ಬೆರಳು ತೋರುತ್ತಾರೆ. ಕೊಂದವರು ಜರ್ಮನರಲ್ಲ. ಊರಿನವರೇ, ನೆರೆಯವರೇ.

ಕೊನೆಗೆ ನೆಲ ಅಗೆಯುತ್ತಾರೆ. ಎಲುಬು ಸಿಗುತ್ತದೆ. ಜೊತೆಗೆ ಒಂದು ಹಾಲಿನ ಬಾಟಲಿ, ಒಡೆಯದೆ ಉಳಿದದ್ದು. ಮಗ ಅದನ್ನು ಕೈಗೆತ್ತಿಕೊಳ್ಳುತ್ತಾನೆ. ನಮ್ಮ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ‘ಚೋಮನ ದುಡಿ’ (1975) ನೋಡಿದಾಗ ಇದೇ ಮಕ್ಕಳು ಅತ್ತಿದ್ದರು. ಚೋಮ ಬಾಗಿಲು ಮುಚ್ಚಿ ದುಡಿ ಬಾರಿಸುತ್ತಾ ಸಾಯುತ್ತಾನೆ, ನಾವು ಕಣ್ಣೊರೆಸಿಕೊಂಡು ಏಳುತ್ತೇವೆ, ಹೊರಗಿನ ಊರು ಹಾಗೇ ಉಳಿಯುತ್ತದೆ. ಲೊಜಿನ್‌ಸ್ಕಿ ಅಳಲು ಬಿಡುವುದಿಲ್ಲ. ಊರನ್ನೇ ಹಿಡಿದು ಕೂರಿಸಿ ಬಾಯಿ ಬಿಡಿಸುತ್ತಾನೆ. ನಮಗೆ ಬೇಕಾದ ಸಿನಿಮಾ ಇದು ಅಂತ ಅವತ್ತು ರಾತ್ರಿ ನಾನು ಉಬ್ಬಿ ಮಾತಾಡಿದೆ.

ಬೆಳಗಾದ ಮೇಲೆ ಒಂದು ವಿಷಯ ಕೊರೆಯತೊಡಗಿತು. ಆ ಮುದುಕರು ಯಾಕೆ ಬಾಯಿ ಬಿಟ್ಟರು? ಸುಮಾರು ಐವತ್ತು ವರ್ಷ ಕಳೆದಿತ್ತು. ಕೇಳಿದವನ ಹಿಂದೆ ಕ್ಯಾಮರಾ ಇತ್ತು, ಅವನ ಬದುಕು ಅಮೆರಿಕದಲ್ಲಿತ್ತು. ಆ ಊರಿನಲ್ಲಿ ಅವನು ಮಾರನೆಯ ದಿನ ನೀರು ತರಬೇಕಾಗಿರಲಿಲ್ಲ, ಕೂಲಿ ಕೇಳಬೇಕಾಗಿರಲಿಲ್ಲ. ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ಹೇಳಿಕೆ ತಿರುಗಿಸಿದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಳಬೇಕಾದವರು ಅದೇ ನೆಲದಲ್ಲಿ ಬಾಳಬೇಕಾದವರು. ಲೊಜಿನ್‌ಸ್ಕಿಯ ಚಿತ್ರದ ಕೊರತೆ ಇದೇ ಅನ್ನುತ್ತೇನೆ: ಮಾತಾಡಿದ್ದಕ್ಕೆ ಯಾರು ಏನು ತೆರಬೇಕು ಅನ್ನುವುದನ್ನು ಅದು ಕೇಳುವುದಿಲ್ಲ. ಕಾರು ಹೋದ ಮೇಲೆ ಬೆರಳು ತೋರಿದ ಮುದುಕಿಯ ಗತಿ ಏನಾಯಿತು?

ನನ್ನ ಉಬ್ಬಿದ ಮಾತು ಕೇಳಿದ ಒಬ್ಬ ಹುಡುಗಿ ರಜೆಗೆ ಊರಿಗೆ ಹೋದಳು. ಅವಳ ಅಜ್ಜಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ. ಮೊಬೈಲು ಎದುರಿಗಿಟ್ಟು, 1972ರ ಬರದಲ್ಲಿ ಬಾವಿಗೆ ಹೋಗಿ ಹೆಣವಾದ ಅಜ್ಜಿಯ ಅಣ್ಣನ ಬಗ್ಗೆ ಕೇಳಿದಳು. ಯಾವ ಊರು ಅಂತ ನಾನು ಬರೆಯುವುದಿಲ್ಲ. ಅಜ್ಜಿ ಸರಾಗವಾಗಿಯೇ ಹೇಳುತ್ತಾ ಹೋದಳು. ಬಾವಿ ಕಟ್ಟೆಯ ಮೇಲೆ ಆವತ್ತು ಯಾರ್ಯಾರು ನಿಂತಿದ್ದರು ಅನ್ನುವಲ್ಲಿಗೆ ಬಂದಾಗ ತಲೆ ಎತ್ತಿದಳು. “ಇದನ್ನ ಯಾರಿಗಿ ತೋರಸ್ತಿ ಯವ್ವಾ? ನಾಳಿ ಅವರ ಹೊಲಕ್ಕ ನಿಮ್ಮವ್ವ ಕಳೇಕ ಹೋಗಬೇಕು.”

ಹುಡುಗಿ ನನಗೆ ಅದನ್ನು ಕೇಳಿಸಿದಳು. ಹನ್ನೊಂದು ನಿಮಿಷದ್ದು. ಕೊನೆಯ ಎರಡು ನಿಮಿಷ ಮಾತಿಲ್ಲ, ತೊಟ್ಟು ಮುರಿಯುವ ಸಪ್ಪಳ, ನಡುನಡುವೆ ಘಾಟಿನ ಕೆಮ್ಮು. ಅವಳು ಅದನ್ನು ಅಳಿಸಿಲ್ಲ. ಗೋಡೆಯ ಮೇಲೆ ತೋರಿಸೋಣವೇ ಅಂತ ಕೇಳುವ ಧೈರ್ಯ ನನಗೂ ಇನ್ನೂ ಬಂದಿಲ್ಲ.