ಸೋತ ವಾದಕ್ಕೂ ಕಿವಿಗೊಡುವ ಪುಸ್ತಕಗಳು

ತಾಳಮದ್ದಲೆ ಕೇಳಲು ಕೂತವರಿಗೆಲ್ಲ ಕರ್ಣ ಸಾಯುತ್ತಾನೆಂದು ಗೊತ್ತು. ಆದರೂ ಯಾರೂ ಎದ್ದು ಹೋಗುವುದಿಲ್ಲ. ಕೃಷ್ಣ ಕೇಳಿದ್ದಕ್ಕೆ ಕರ್ಣ ಏನು ಉತ್ತರ ಕೊಟ್ಟಾನು ಎಂಬುದೇ ಅಲ್ಲಿನ ಕುತೂಹಲ. ನಮ್ಮ ಸಂವಿಧಾನ ಹೇಗೆ ರಚನೆಯಾಯಿತು ಎಂದು ಹೇಳುವ ಇತಿಹಾಸ ಪುಸ್ತಕಗಳಿಗೆ ಹೊಸದಾಗಿ ಕೈಹಾಕುವವರು ಈ ಕಿವಿಯನ್ನೇ ಹೊತ್ತು ಬರಬೇಕು. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾಯಿತೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಅದಕ್ಕೆ ಮೊದಲು ಎಷ್ಟೋ ಸಂಗತಿಗಳು ಬೇರೆ ದಾರಿ ಹಿಡಿಯಬಹುದಿತ್ತು ಎಂದು ನಮ್ಮನ್ನು ನಂಬಿಸುವುದೇ ಈ ಪ್ರಕಾರದ ಕಸುಬು.

ಹಲವು ಪುಸ್ತಕಗಳು ಅಂಕಿಗಳಿಂದ ಶುರುವಾಗುತ್ತವೆ: 395 ವಿಧಿಗಳು, ಸೂಚನೆ ಬಂದ 7,635 ತಿದ್ದುಪಡಿಗಳು, ಮಂಡನೆಯಾದ 2,473. ಇವು ಬೆರಗು ಹುಟ್ಟಿಸುತ್ತವೆ, ರುಚಿ ಹತ್ತಿಸುವುದಿಲ್ಲ. ಪುಸ್ತಕವನ್ನು ಅಳೆಯಬೇಕೆಂದರೆ ಒಂದೇ ವಿಧಿಯ ಬೆನ್ನು ಹತ್ತಿ. ನಾನು ಯಾವಾಗಲೂ ಮೊದಲು ತೆರೆಯುವುದು 21ನೇ ವಿಧಿಯ ಪುಟಗಳನ್ನು.

ಆ ಕಥೆ ಹೀಗೆ. ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯಬೇಕಾದರೆ ‘ಡ್ಯೂ ಪ್ರಾಸೆಸ್’ ಇರಬೇಕು, ಅಂದರೆ ಕಾನೂನೇ ನ್ಯಾಯವಾಗಿದೆಯೇ ಎಂದು ನ್ಯಾಯಾಲಯ ಕೇಳಬಹುದು ಎಂಬ ಆಲೋಚನೆ ಮೊದಲಿತ್ತು. 1947ರ ಕೊನೆಗೆ ಸಂವಿಧಾನ ಸಲಹೆಗಾರ ಬಿ.ಎನ್. ರಾವ್ ಅಮೆರಿಕಕ್ಕೆ ಹೋದರು. ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಚುನಾಯಿತರು ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವುದು ಸರಿಯಲ್ಲವೆಂದು ಎಚ್ಚರಿಸಿದರು. ಕರಡು ಸಮಿತಿ ‘ಡ್ಯೂ ಪ್ರಾಸೆಸ್’ ಎಂಬುದನ್ನು ಬಿಟ್ಟು, ಜಪಾನಿನ ಸಂವಿಧಾನದಲ್ಲಿದ್ದಂತೆ ‘ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ’ ಎಂದು ಬರೆಯಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಸದಸ್ಯ ಕಾಜಿ ಕರೀಮುದ್ದೀನ್ ಇದನ್ನು ತಿದ್ದಬೇಕೆಂದರು, ಕೆ.ಎಂ. ಮುನ್ಷಿ ಬೆಂಬಲಿಸಿದರು. ಉತ್ತರಿಸಲು ಎದ್ದ ಕರಡು ಸಮಿತಿಯ ಅಧ್ಯಕ್ಷ ಅಂಬೇಡ್ಕರ್ ಎರಡೂ ಕಡೆಯ ಅಪಾಯವನ್ನು ಬಿಡಿಸಿಟ್ಟರು. ಪಕ್ಷದವರಿಂದಲೇ ತುಂಬಿದ ಶಾಸನಸಭೆ ಹಕ್ಕುಗಳನ್ನು ತುಳಿಯಬಹುದು. ನ್ಯಾಯಪೀಠದಲ್ಲಿ ಕೂತ ಐದಾರು ಮಂದಿಯನ್ನು ಪೂರ್ತಿ ನಂಬುವುದೂ ಕಷ್ಟ. ತೀರ್ಮಾನವನ್ನು ಸಭೆಗೇ ಬಿಟ್ಟರು. ತಿದ್ದುಪಡಿ ಸೋತಿತು. ಆದರೆ ಅಸಮಾಧಾನ ತಣಿಯಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರರೇ, ಆಗ ಕಳೆದದ್ದನ್ನು ಒಂದಿಷ್ಟು ತುಂಬಿಕೊಡಲೆಂದು, ಬಂಧಿತರ ಹಕ್ಕುಗಳ ಹೊಸ ವಿಧಿಯನ್ನು ತಂದರು. ಈಗ ಅದು 22ನೆಯದು. 1950ರ ಎ.ಕೆ. ಗೋಪಾಲನ್ ಮೊಕದ್ದಮೆಯಲ್ಲಿ ‘ಡ್ಯೂ ಪ್ರಾಸೆಸ್’ನ ಹಳೆಯ ವಾದ ಮತ್ತೆ ಸೋತಿತು. 1978ರಲ್ಲಿ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಹೆಚ್ಚುಕಡಿಮೆ ಗೆದ್ದೇಬಿಟ್ಟಿತು.

ಈ ಮೂವತ್ತು ವರ್ಷಗಳ ಎಳೆಯನ್ನು ಹಿಡಿದ ಲೇಖಕರು ಕರೀಮುದ್ದೀನರನ್ನು ಮರೆಯುವುದಿಲ್ಲ. ‘ಸುದೀರ್ಘ ಚರ್ಚೆಯ ನಂತರ ಅಂಗೀಕರಿಸಲಾಯಿತು’ ಎಂದು ಬರೆದು ಮುಂದೆ ಹೋದವರ ಪುಸ್ತಕವನ್ನು ನಾನು ಕೆಳಗಿಡುತ್ತೇನೆ.

ಎರಡನೆಯದಾಗಿ, ಇದೆಲ್ಲ ಲೇಖಕರಿಗೆ ಹೇಗೆ ತಿಳಿಯಿತು ಎಂದು ಕೇಳಿಕೊಳ್ಳಿ. 1787ರಲ್ಲಿ ಅಮೆರಿಕದ ಸಂವಿಧಾನ ರಚಿಸಿದ ಫಿಲಡೆಲ್ಫಿಯಾದ ಸಮಾವೇಶ ನಡೆದದ್ದು ಮುಚ್ಚಿದ ಬಾಗಿಲೊಳಗೆ. ಅದರ ಕಥೆ ಹೇಳುವವರೆಲ್ಲ ಅಲ್ಲಿದ್ದ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ಬರೆದಿಟ್ಟ ಟಿಪ್ಪಣಿಗಳಿಗೇ ಜೋತುಬಿದ್ದಿದ್ದರು. ಆ ಟಿಪ್ಪಣಿಗಳನ್ನು ಮ್ಯಾಡಿಸನ್ ಆಮೇಲೆ ಎಷ್ಟು ತಿದ್ದಿದ್ದರೆಂದು ಇತಿಹಾಸಗಾರ್ತಿ ಮೇರಿ ಸಾರಾ ಬಿಲ್ಡರ್ 2015ರಲ್ಲಿ ತೋರಿಸಿಕೊಟ್ಟರು. ದೆಹಲಿಯಲ್ಲಿ ಹಾಗಲ್ಲ, ಸಭೆಯ ಮಾತು ಮಾತೂ ದಾಖಲಾಗಿದೆ. ಆದರೆ ಎಷ್ಟೋ ತೀರ್ಮಾನಗಳು ಸಮಿತಿಗಳ ಕೋಣೆಯಲ್ಲಿ, ಕಾಂಗ್ರೆಸ್ ಪಕ್ಷದ ಸಭೆಗಳಲ್ಲಿ ಮೊದಲೇ ಆಗಿರುತ್ತಿದ್ದವು. ಸಮಿತಿಗಳ ಕಡತಗಳನ್ನು ಸಂಪುಟಗಳಾಗಿ ಒಟ್ಟುಮಾಡಿಕೊಟ್ಟವರು ಬಿ. ಶಿವರಾವ್, ಮಂಗಳೂರಿನ ಬೆನಗಲ್ ಮನೆತನದವರು, ಬಿ.ಎನ್. ರಾಯರ ತಮ್ಮ. ಗ್ರ್ಯಾನ್‌ವಿಲ್ ಆಸ್ಟಿನ್ 1966ರಲ್ಲಿ ಬರೆದ ಪುಸ್ತಕ ಇಂದಿಗೂ ಮೊದಲ ಓದಿಗೆ ಯೋಗ್ಯ. ಒಮ್ಮತದ ಮೇಲೆ ಅವರಿಗೆ ವಿಪರೀತ ಮೋಹ, ಅದೊಂದನ್ನು ತಿಳಿದೇ ಓದಿ.

ನಾಯಕನನ್ನು ಹುಡುಕುವ ಪುಸ್ತಕಗಳ ಬಗ್ಗೆ ಎಚ್ಚರ ಬೇಕು. ಸಂವಿಧಾನ ಬರೆದವರು ರಾಯರೋ ಅಂಬೇಡ್ಕರರೋ ಎಂಬ ಜಗಳ ಓದುಗನಿಗೆ ಏನೂ ಕೊಡುವುದಿಲ್ಲ. 1947ರ ಅಕ್ಟೋಬರಿನಲ್ಲಿ ರಾಯರು ಮೊದಲ ಕರಡು ಸಿದ್ಧಮಾಡಿದರು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ರಾಯರಿಗೂ, ಕರಡುಗಾರ ಎಸ್.ಎನ್. ಮುಖರ್ಜಿಯವರಿಗೂ ಮನಸಾರೆ ಮನ್ನಣೆ ಸಲ್ಲಿಸಿದರು. ಕರಡು ಸಮಿತಿಯ ಸದಸ್ಯರು ಒಬ್ಬೊಬ್ಬರಾಗಿ ದೂರವಾಗಿ ಭಾರವೆಲ್ಲ ಅಂಬೇಡ್ಕರರ ಹೆಗಲಿಗೆ ಬಿತ್ತೆಂದು ಅದೇ ಸಮಿತಿಯ ಟಿ.ಟಿ. ಕೃಷ್ಣಮಾಚಾರಿ ಸಭೆಯಲ್ಲೇ ಹೇಳಿದ್ದರು. ಎರಡೂ ನಿಜ. ಎರಡನ್ನೂ ಒಂದೇ ಅಧ್ಯಾಯದಲ್ಲಿ ಹೇಳಬಲ್ಲ ಲೇಖಕರನ್ನು ನಂಬಿ.

ಸಭೆಯ ಗೋಡೆಯಾಚೆ ನೋಡುವ ಪುಸ್ತಕಗಳೂ ಈಗ ಬಂದಿವೆ. ಸಂವಿಧಾನ ಮುಗಿಯುವ ಮೊದಲೇ ಎಲ್ಲ ವಯಸ್ಕರ ಮತದಾರರ ಪಟ್ಟಿ ಮಾಡಲು ಹೊರಟ ಅಧಿಕಾರಿಗಳ, ತಮ್ಮ ಹೆಸರು ಸೇರಿಸಿರೆಂದು ಪಟ್ಟುಹಿಡಿದ ನಿರಾಶ್ರಿತರ ಕಥೆಯನ್ನು ಓರ್ನಿಟ್ ಶಾನಿ ಹೇಳಿದ್ದಾರೆ. ಉತ್ತರ ಪ್ರದೇಶದ ಜಲಾಲಾಬಾದಿನ ತರಕಾರಿ ವ್ಯಾಪಾರಿಯೊಬ್ಬರು ಹೊಸ ಸಂವಿಧಾನ ಹಿಡಿದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದನ್ನು ರೋಹಿತ್ ಡೇ ಬರೆದಿದ್ದಾರೆ. ಎರಡೂ 2018ರವು. ಆಸ್ಟಿನ್ ಓದಿದ ಮೇಲೆ ಇವನ್ನು ಹಿಡಿದರೆ ರುಚಿ ಹೆಚ್ಚು.

ನಮ್ಮ ಕಡೆಯ ಕೆಂಗಲ್ ಹನುಮಂತಯ್ಯನವರು ಯಾವ ಪುಸ್ತಕದಲ್ಲಿ ಹೇಗೆ ಬರುತ್ತಾರೆಂದೂ ನೋಡಿ. 1949ರ ನವೆಂಬರಿನಲ್ಲಿ, ವೀಣೆಯ ನಾದ ಬಯಸಿದ್ದ ನಮಗೆ ಇಂಗ್ಲಿಷ್ ಬ್ಯಾಂಡಿನ ಸದ್ದು ಸಿಕ್ಕಿದೆಯೆಂದು ಅವರು ಸಭೆಯಲ್ಲಿ ನೊಂದುಕೊಂಡರು. ಬಹಳ ಲೇಖಕರು ಇದನ್ನು ಚಂದದ ಮಾತೆಂದು ಎತ್ತಿ ಹೇಳಿ ಬಿಟ್ಟುಬಿಡುತ್ತಾರೆ. ಅದರ ಹಿಂದೆ ಹಳ್ಳಿಗೆ ಅಧಿಕಾರ ಬೇಕೆಂಬ ಗಾಂಧಿಮಾರ್ಗದ ವಾದವಿತ್ತು. ಎದುರಿಗೆ, ಹಳ್ಳಿಯ ಜಾತಿಕ್ರೌರ್ಯವನ್ನು ಉಂಡವರಾದ ಅಂಬೇಡ್ಕರರ ವಾದವಿತ್ತು. ನನಗೆ ಅಂಬೇಡ್ಕರರ ಮಾತೇ ಹೆಚ್ಚು ಸತ್ಯವೆನಿಸುತ್ತದೆ. ಆದರೂ 1948ರ ನವೆಂಬರ್ 22ರಂದು ಕೆ. ಸಂತಾನಂ ಗ್ರಾಮ ಪಂಚಾಯಿತಿಗಳ ಪರವಾಗಿ ತಿದ್ದುಪಡಿ ತಂದಾಗ ಅಂಬೇಡ್ಕರ್ ಒಪ್ಪಿಕೊಂಡರು. 40ನೇ ವಿಧಿ ಬಂದದ್ದು ಹಾಗೆ. ಚರ್ಚೆಗಳೆಲ್ಲ ಅಚ್ಚಾಗಿವೆ, ಇಂಗ್ಲಿಷ್ ಓದಬಲ್ಲವರಿಗೆ ಸುಲಭವಾಗಿ ಸಿಗುತ್ತವೆ. ಪುಸ್ತಕ ಮುಗಿಸಿದ ಮೇಲೆ ಆ ದಿನದ ಪುಟಗಳನ್ನು ತೆರೆದು, ಲೇಖಕರು ಯಾರ ಮಾತನ್ನು ಇಟ್ಟುಕೊಂಡರು, ಯಾರದನ್ನು ಬಿಟ್ಟರು ಎಂದು ಹೋಲಿಸಿ ನೋಡಿ.