ಫಟಫಟಿಯ ಪ್ರವಾಸಕಥನ

ಮಳೆಗಾಲ ಹಿಂದೆಗೆಯುವ ಹೊತ್ತಿಗೆ ನಮ್ಮ ಪತ್ರಿಕೆಗಳ ಭಾನುವಾರದ ಪುಟಗಳಲ್ಲಿ ಒಂದು ಬಗೆಯ ಲೇಖನ ತಪ್ಪದೆ ತಲೆದೋರುತ್ತದೆ. ಬೆಂಗಳೂರಿನ ನಾಲ್ಕಾರು ಮಂದಿ ತರುಣರು, ಈಚೆಗೆ ತರುಣಿಯರೂ, ರಜೆ ಹಾಕಿ, ಬಾಡಿಗೆಯ ಮೋಟಾರು ಸೈಕಲ್ಲುಗಳನ್ನೇರಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯನ್ನು ಏಳೆಂಟು ದಿನ ಸುತ್ತಿ ಬರುತ್ತಾರೆ. ಒಂಟಿಯಾಗಿ ಅಲ್ಲ, ಹಣ ಕಟ್ಟಿ ಸೇರಿದ ತಂಡದಲ್ಲಿ. ಮುಂದೆ ಒಬ್ಬ ದಾರಿಕಾರ, ಹಿಂದೆ ಯಾರೂ ಉಳಿದುಹೋಗದಂತೆ ನೋಡಿಕೊಳ್ಳುವ ಇನ್ನೊಬ್ಬ, ಅವನ ಹಿಂದೆ ಬಿಡಿಭಾಗಗಳನ್ನೂ ಗಂಟುಮೂಟೆಗಳನ್ನೂ ಆಮ್ಲಜನಕದ ಸಿಲಿಂಡರನ್ನೂ ಹೊತ್ತ ವ್ಯಾನು, ಅದರೊಳಗೆ ಒಬ್ಬ ಮೆಕ್ಯಾನಿಕ್ಕು. ಹಿಂತಿರುಗಿದ ಮೇಲೆ ಅವರಲ್ಲಿ ಒಬ್ಬರಾದರೂ ಬರೆಯುತ್ತಾರೆ. ಆ ಬರೆಹಗಳನ್ನು ಕುರಿತು ಕೆಲವು ಮಾತು ಹೇಳಬೇಕೆಂದಿದ್ದೇನೆ.

ಇದೇನು ವಿಮರ್ಶೆಗೆ ತಕ್ಕ ವಸ್ತುವೆ ಎಂದು ನನ್ನ ಸಹೋದ್ಯೋಗಿ ಮಿತ್ರರು ನಗಬಹುದು, ನಕ್ಕದ್ದೂ ಉಂಟು. ಆದರೆ ಈ ಪತ್ರಿಕೆಯನ್ನು ಓದುವವರಲ್ಲಿ ಬಹುಮಂದಿಗೆ ಸ್ಪಿತಿಯೆಂದರೆ ಏನೆಂದು ತಿಳಿಯುವುದು ಇಂಥ ಲೇಖನಗಳಿಂದಲೇ. ಒಂದು ನಾಡಿನ ಚಿತ್ರವನ್ನು ಸಾವಿರಾರು ಜನರ ಮನಸ್ಸಿನಲ್ಲಿ ಮೂಡಿಸುವ ಬರೆಹ ಸಣ್ಣದೆಂದು ತಳ್ಳಿಹಾಕಬಾರದು. ನಮ್ಮ ಹಿರಿಯ ಪ್ರವಾಸಕಥನಗಳನ್ನು ಅಳೆದ ಕೋಲಿನಿಂದಲೇ ಇದನ್ನೂ ಅಳೆಯುವುದು ಮರ್ಯಾದೆ.

ಈ ಐದಾರು ವರ್ಷಗಳಲ್ಲಿ ಇಂಥವನ್ನು ಮೂವತ್ತಕ್ಕೆ ಕಡಮೆಯಿಲ್ಲದಂತೆ ಓದಿದ್ದೇನೆ. ಒಂದನ್ನು ಓದಿದರೆ ಸಂತೋಷ. ಹತ್ತನ್ನು ಓದಿದ ಮೇಲೆ ಯಾರು ಬರೆದದ್ದು ಯಾವುದೆಂದು ತಿಳಿಯದಾಗುತ್ತದೆ. ಬಾಲ್ಯದ ಕನಸಿನಿಂದ ಆರಂಭ. ಆಮೇಲೆ ಕಲ್ಲುದಾರಿ, ಒಂದು ಪಂಕ್ಚರು, ತಣ್ಣನೆಯ ಹಳ್ಳ. ಹಿಕ್ಕಿಮ್ಮಿನ ಅಂಚೆಕಚೇರಿಯಿಂದ ತಾಯಿಗೊಂದು ಕಾರ್ಡು. ಕೋಮಿಕ್ಕಿನ ಫಲಕದ ಮುಂದೊಂದು ಛಾಯಾಚಿತ್ರ. ಕುಂಜುಮ್ ಕಣಿವೆದಾರಿಯ ಗುಡಿಯಲ್ಲಿ ಕಲ್ಲಿಗೆ ನಾಣ್ಯ ಅಂಟಿತೆ, ಅಂಟಲಿಲ್ಲವೆ ಎಂಬ ವಿಚಾರ. ಕಡೆಗೆ, ಈ ಬೆಟ್ಟಗಳಲ್ಲಿ ತನ್ನನ್ನು ತಾನು ಕಂಡುಕೊಂಡೆನೆಂಬ ಘೋಷಣೆ. ಬೆಟ್ಟವನ್ನು ಕಂಡರೆ? ಅದನ್ನು ಮಾತ್ರ ಹೇಳುವುದಿಲ್ಲ.

ಲೇಖಕರ ಪ್ರತಿಭೆಯ ಕೊರತೆ ಇದಕ್ಕೆ ಕಾರಣವೆಂದು ನಾನು ಭಾವಿಸುವುದಿಲ್ಲ. ಇವರೆಲ್ಲರಿಗೂ ಒಂದು ಮೂಲಗ್ರಂಥವಿದೆ. ಅದು ಪ್ರವಾಸ ಏರ್ಪಡಿಸುವವರು ಮೊದಲೇ ಕೈಗೆ ಕೊಡುವ ದಿನವಾರು ಪಟ್ಟಿ. ಒಂದನೆಯ ದಿನ ಇಲ್ಲಿಂದ ಇಲ್ಲಿಗೆ, ಇಷ್ಟು ಕಿಲೋಮೀಟರು, ರಾತ್ರಿ ತಂಗುವುದು ಇಂಥಲ್ಲಿ. ಆ ಪಟ್ಟಿಯನ್ನು ನಾನು ಹೀಗಳೆಯುತ್ತಿಲ್ಲ. ಗಮನವಿಟ್ಟು ಓದಿದರೆ ಅದು ಬಹಳ ಬುದ್ಧಿವಂತಿಕೆಯ ರಚನೆ. ಶಿಮ್ಲಾದ ಸುಮಾರು 2,200 ಮೀಟರಿನಿಂದ ಹೊರಟು, ಕಿನ್ನೌರದ ಕಲ್ಪಾದಲ್ಲಿ ಒಂದು ರಾತ್ರಿ, ನಾಕೋವಿನಲ್ಲಿ ಒಂದು ರಾತ್ರಿ, ತಾಬೋ ದಾಟಿ ಮೂರೂವರೆ ಸಾವಿರ ಮೀಟರಿಗೂ ಮೇಲಿರುವ ಕಾಜಾ, ಅಲ್ಲಿಂದಾಚೆಗೆ ಕಿಬ್ಬರ್, ಲಾಂಗ್ಜಾ, ಕೋಮಿಕ್: ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದರಿಂದ ರಕ್ತಕ್ಕೆ ತೆಳುಗಾಳಿಯ ಅಭ್ಯಾಸವಾಗುತ್ತದೆ. ಮನಾಲಿಯಿಂದ ಒಂದೇ ದಿನದಲ್ಲಿ ಕುಂಜುಮ್ ದಾಟಿ ಬಂದವರು ಕಾಜಾದಲ್ಲಿ ತಲೆ ಹಿಡಿದುಕೊಂಡು ಮಲಗುತ್ತಾರೆ. ಇಳಿಯುವ ದಿನ ಬೆಳಕು ಹರಿಯುವ ಮುಂಚೆ ಹೊರಡಬೇಕೆಂದು ಬರೆದಿರುವುದಕ್ಕೂ ಕಾರಣವುಂಟು. ಬಾತಲ್‌ನಿಂದ ಗ್ರಾಂಫೂವಿನವರೆಗಿನ ದಾರಿಗೆ ಅಡ್ಡವಾಗಿ ಹರಿಯುವ ಹಳ್ಳಗಳು ಹಿಮದ ನೀರಿನವು. ಬಿಸಿಲೇರಿದಂತೆ ಮೇಲೆ ಹಿಮ ಕರಗುತ್ತದೆ, ಮಧ್ಯಾಹ್ನಕ್ಕೆ ಹಳ್ಳ ಉಕ್ಕುತ್ತದೆ. ಬೆಳಗ್ಗೆ ಪಾದ ನೆನೆಯಿಸುವ ನೀರು ಸಂಜೆಗೆ ಗಾಡಿಯನ್ನೇ ಎಳೆಯುತ್ತದೆ. ಇಷ್ಟೆಲ್ಲ ಅನುಭವ ಆ ಒಣಪಟ್ಟಿಯೊಳಗೆ ಅಡಗಿದೆ. ನಮ್ಮ ಲೇಖಕರು ಪಟ್ಟಿಯ ಸಾಲುಗಳನ್ನು ಉಬ್ಬಿಸಿ ಬರೆಯುತ್ತಾರೆಯೇ ಹೊರತು ಆ ಸಾಲು ಹಾಗೇಕೆ ಇದೆಯೆಂದು ಕೇಳುವುದಿಲ್ಲ.

ಮೋಟಾರು ಸೈಕಲ್ಲಿನ ಸಾಹಿತ್ಯದಲ್ಲಿ ಜಗತ್ತು ನೆನೆಯುವ ಎರಡು ಪುಸ್ತಕಗಳನ್ನು ಇಲ್ಲಿ ತರಬೇಕು. 1952ರಲ್ಲಿ ಚೆ ಗೆವಾರನೂ ಅವನ ಗೆಳೆಯ ಆಲ್ಬರ್ತೊ ಗ್ರನಾದೊನೂ ಹಳೆಯದೊಂದು ನಾರ್ಟನ್ ಗಾಡಿಯ ಮೇಲೆ ದಕ್ಷಿಣ ಅಮೆರಿಕವನ್ನು ಸುತ್ತಲು ಹೊರಟರು. ಚೆಯ ಮರಣಾನಂತರ ಅಚ್ಚಾದ ಆ ದಿನಚರಿಯ ಹೆಸರಿನಲ್ಲಿ ಮೋಟಾರು ಸೈಕಲ್ಲಿದೆ. ಆದರೆ ಗಾಡಿ ಚಿಲಿ ದೇಶದಲ್ಲೇ ಪ್ರಾಣ ಬಿಟ್ಟಿತು. ಪುಸ್ತಕ ಪುಸ್ತಕವಾಗುವುದು ಅಲ್ಲಿಂದ ಮುಂದೆ. ಲಾರಿಯ ಮೇಲೆ, ಕಾಲ್ನಡಿಗೆಯಲ್ಲಿ, ಕಂಡವರ ಮನೆಯ ಊಟದಲ್ಲಿ ದಾರಿ ಸಾಗಿದಾಗ, ಚುಕಿಕಮಾತಾದ ತಾಮ್ರದ ಗಣಿಯ ಹತ್ತಿರ ಚಳಿಯಲ್ಲಿ ನಡುಗುತ್ತಿದ್ದ ಕೂಲಿಯ ದಂಪತಿಗಳು ಅವನಿಗೆ ಎದುರಾದರು. ಗಾಡಿ ಸುಸ್ಥಿತಿಯಲ್ಲಿದ್ದಿದ್ದರೆ ಆ ಇಬ್ಬರನ್ನು ದಾಟಿಕೊಂಡು ಹೋಗಿಬಿಡುತ್ತಿದ್ದನೋ ಏನೋ.

ಇನ್ನೊಂದು, ರಾಬರ್ಟ್ ಪಿರ್ಸಿಗ್ ಮಗನನ್ನು ಹಿಂದೆ ಕೂರಿಸಿಕೊಂಡು ಅಮೆರಿಕವನ್ನು ದಾಟಿದ ಕಥೆ, 1974ರಲ್ಲಿ ಪ್ರಕಟವಾಯಿತು. ಕಾರಿನ ಕಿಟಕಿಯಿಂದ ನೋಡುವವನು ಪ್ರೇಕ್ಷಕ, ಮೋಟಾರು ಸೈಕಲ್ಲಿನವನು ದೃಶ್ಯದ ಒಳಗೇ ಇರುವವನು ಎಂಬ ಅವನ ಮಾತನ್ನು ನಮ್ಮ ತರುಣರು ಬಲ್ಲರು. ಆದರೆ ಆ ಪುಸ್ತಕದ ಅರ್ಧ ಭಾರ ಬಿದ್ದಿರುವುದು ಬೇರೊಂದು ಪ್ರಶ್ನೆಯ ಮೇಲೆ: ಗಾಡಿ ಕೆಟ್ಟರೆ ರಿಪೇರಿ ಮಾಡುವವನು ಯಾರು? ಜೊತೆಯಲ್ಲಿ ಬಂದ ಗೆಳೆಯ ತನ್ನ ಯಂತ್ರವನ್ನು ಮುಟ್ಟಲೂ ಒಲ್ಲದವನು. ಪಿರ್ಸಿಗ್ ಪ್ರತಿ ಬೋಲ್ಟನ್ನೂ ಬಲ್ಲವನು. ಇವರಿಬ್ಬರ ಅಂತರದಿಂದ ಅವನ ತತ್ತ್ವಚಿಂತನೆಯೆಲ್ಲ ಹುಟ್ಟಿತು.

ಈಗ ನಮ್ಮ ತಂಡದ ಹಿಂದೆ ಬರುವ ವ್ಯಾನನ್ನು ನೆನೆಯಿರಿ. ಕ್ಲಚ್ಚಿನ ತಂತಿ ಹರಿದರೆ ಇಪ್ಪತ್ತು ನಿಮಿಷದಲ್ಲಿ ಹೊಸದು. ಗಾಡಿಯೇ ನಿಂತರೆ ಬೇರೆ ಗಾಡಿ. ಸವಾರನಿಗೆ ಸುಸ್ತಾದರೆ ವ್ಯಾನಿನಲ್ಲಿ ಜಾಗ. ಜೀವರಕ್ಷಣೆಗೆ ಇದು ಬೇಕು, ನಾನು ಬೇಡವೆನ್ನುವುದಿಲ್ಲ. ನನ್ನ ಮಗಳು ಹೊರಟರೆ ವ್ಯಾನಿರುವ ತಂಡದಲ್ಲೇ ಹೋಗೆಂದು ಹೇಳುತ್ತೇನೆ. ಆದರೆ ಆ ವ್ಯಾನು ಅಪಾಯದ ಜೊತೆಗೆ ಕಥೆಯನ್ನೂ ಎತ್ತಿಕೊಂಡು ಹೋಗುತ್ತದೆಂಬುದನ್ನು ಬರೆಯುವವನು ಮರೆಯಬಾರದು. ಎಲ್ಲ ಆತಂಕಗಳಿಗೂ ಮೊದಲೇ ಹಣ ಕಟ್ಟಿದ ಮೇಲೆ ಲೇಖನದಲ್ಲಿ ಸಾಹಸದ ಭಾಷೆ ಸಲ್ಲದು. ಔಚಿತ್ಯ ಕೆಡುವುದು ಇಲ್ಲಿ. ಅಂಗೈಯಗಲದ ಹಳ್ಳಕ್ಕೆ ವೈತರಣಿಯ ವರ್ಣನೆ!

ಹಾಗಾದರೆ ಮಾರ್ಗದರ್ಶಕರಿರುವ ಪ್ರವಾಸದಿಂದ ಒಳ್ಳೆಯ ಕೃತಿ ಬರಲಾರದೆ? ಬಂದಿದೆ, ಕನ್ನಡದಲ್ಲೇ ಬಂದಿದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಮತ್ತೇನು? ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೆಟ್ಟಕಾಡುಗಳಲ್ಲಿ ಗಿಡಮರಗಳನ್ನು ಹುಡುಕುತ್ತ ಅಲೆದ ಕಥೆ. ಅಲ್ಲಿ ಬರೆದವರು ದಾರಿ ತೋರಿಸುವವರೇ. ಬಲ್ಲವನ ಕಣ್ಣು, ಬಲ್ಲವನ ಹಾಸ್ಯ, ಅರಿಯದವರ ಪ್ರಶ್ನೆ ಮೂರೂ ಸೇರಿ ಆ ಗದ್ಯಕ್ಕೆ ಜೀವ ಬಂತು. ನಮ್ಮ ಸ್ಪಿತಿಯ ಲೇಖನಗಳಲ್ಲಿ ಬಲ್ಲವನು ಮುಂದಿನ ಗಾಡಿಯಲ್ಲಿದ್ದಾನೆ. ಅವನ ಬೆನ್ನು ಮಾತ್ರ ನಮಗೆ ಕಾಣುತ್ತದೆ. ಅವನನ್ನು ‘ನಮ್ಮ ಗೈಡ್’ ಎಂದು ಎರಡು ಸಲ ಹೇಳಿ, ಅವನ ನಗುಮುಖವನ್ನು ಹೊಗಳಿ, ಅಲ್ಲಿಗೆ ಬಿಟ್ಟುಬಿಡುತ್ತಾರೆ.

ಎರಡು ವರ್ಷದ ಹಿಂದೆ ಅಂಥ ತಂಡವೊಂದರಲ್ಲಿ ಹಿಂದಿನ ಸೀಟಿನವನಾಗಿ ಹೋಗಿದ್ದೆನಾದ್ದರಿಂದ ಇದನ್ನು ಹೇಳುವ ಧೈರ್ಯ ಮಾಡುತ್ತಿದ್ದೇನೆ. ನಮ್ಮ ದಾರಿಕಾರ ಸ್ಪಿತಿಯವನೇ, ಮನೆಗೆ ಎರಡನೆಯ ಮಗ. ರಾತ್ರಿ ಒಲೆಯ ಹತ್ತಿರ ಕುಳಿತು ಅವನು ಹೇಳಿದ ಸಂಗತಿ ನಮ್ಮ ಹಳ್ಳಿಯವರಿಗೆ ಕೇಳಿದರೆ ಅಚ್ಚರಿಯಾಗಬೇಕು. ಅಲ್ಲಿನ ಹಳೆಯ ಪದ್ಧತಿಯಲ್ಲಿ ಹೊಲಮನೆಯೆಲ್ಲ ಹಿರಿಯ ಮಗನಿಗೆ ಒಂದೇ ಪಾಲು. ಅವನು ಸಂಸಾರಸ್ಥನಾದ ಮೇಲೆ ತಂದೆತಾಯಿಗಳು ‘ಖಾಂಗ್‌ಚೆನ್’ ಎಂಬ ದೊಡ್ಡಮನೆಯನ್ನು ಅವನಿಗೆ ಬಿಟ್ಟು ‘ಖಾಂಗ್‌ಚುಂಗ್’ ಎಂಬ ಚಿಕ್ಕಮನೆಗೆ ಹೋಗುತ್ತಾರೆ. ಕಿರಿಯರು ಮಠಕ್ಕೆ. ಹಿಮದ ನೀರು ತಾಗುವಷ್ಟೇ ಹೊಲವಿರುವ ನಾಡಿನಲ್ಲಿ ಪಾಲು ಮಾಡಿದರೆ ಯಾರಿಗೂ ಉಳಿಯದು. ‘ಅಜ್ಜನ ಕಾಲವಾಗಿದ್ದರೆ ನಾನು ಕೀ ಮಠದಲ್ಲಿ ಮಂತ್ರ ಹೇಳುತ್ತಿದ್ದೆ, ಈಗ ನಿಮಗೆ ಗೇರು ಬದಲಾಯಿಸುವುದು ಹೇಳಿಕೊಡುತ್ತೇನೆ’ ಎಂದ ಅವನು. ಒಂದು ಸಮಾಜ ಮಗ್ಗುಲು ಬದಲಾಯಿಸುತ್ತಿರುವುದೆಲ್ಲ ಆ ಒಂದು ವಾಕ್ಯದಲ್ಲಿತ್ತು. ನಮ್ಮ ತಂಡದಲ್ಲಿ ಆಮೇಲೆ ಇಬ್ಬರು ಬರೆದರು. ಇಬ್ಬರ ಲೇಖನದಲ್ಲೂ ಆ ರಾತ್ರಿ ಇದೆ. ನಕ್ಷತ್ರಗಳಿವೆ, ಬಿಸಿ ತುಕ್ಪಾ ಇದೆ. ಎರಡನೆಯ ಮಗ ಇಲ್ಲ.

ಕ್ಯಾಮೆರಾದ ಮಾತನ್ನೂ ಆಡಬೇಕು. ತಾಬೋ ಮಠದ ಒಳಗೆ ಛಾಯಾಚಿತ್ರ ತೆಗೆಯಬಾರದು. ಈ ನಿಷೇಧದ ಫಲವಾಗಿ ತಾಬೋ ನಮ್ಮ ಲೇಖನಗಳಲ್ಲಿ ಒಂದೂವರೆ ಸಾಲಿಗೆ ಇಳಿದಿದೆ. ಹೊರಗಿನಿಂದ ಮಣ್ಣಿನ ಗುಡ್ಡೆಯಂತೆ ಕಾಣುವ ಆ ಕಟ್ಟಡ 996ರಲ್ಲಿ ಸ್ಥಾಪನೆಯಾದದ್ದು. ರನ್ನ ಅಜಿತಪುರಾಣವನ್ನು ಮುಗಿಸಿದ ಮೂರು ವರ್ಷಕ್ಕೆ. ಒಳಗಿನ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆಗಳಿಂದ ಮಣ್ಣಿನ ದೇವತೆಗಳು ಒಂದೊಂದಾಗಿ ಎದ್ದು ಬರುತ್ತವೆ. ಅವುಗಳ ಕೆಳಗಿನ ಭಿತ್ತಿಚಿತ್ರಗಳಲ್ಲಿ ಕಾಶ್ಮೀರದ ಕುಂಚದ ನಯವಿದೆ. ಯಾವ ಕಾಶ್ಮೀರ? ಅಭಿನವಗುಪ್ತ ರಸದ ವ್ಯಾಖ್ಯಾನ ಬರೆಯುತ್ತಿದ್ದ ಕಾಶ್ಮೀರ. 1042ರ ಜೀರ್ಣೋದ್ಧಾರದ ವೇಳೆಗೆ ಕ್ಷೇಮೇಂದ್ರನ ಕಾಶ್ಮೀರ. ನಾವು ತರಗತಿಯಲ್ಲಿ ಬೋಧಿಸುವ ಕಾವ್ಯಮೀಮಾಂಸೆಯ ಸೋದರಿಯೊಬ್ಬಳು ಆ ಕತ್ತಲೆಯಲ್ಲಿ ಸಾವಿರ ವರ್ಷದಿಂದ ಕುಳಿತಿದ್ದಾಳೆ. ಚಿತ್ರ ತೆಗೆಯಲಾಗದ ಸ್ಥಳದಲ್ಲೇ ಅಲ್ಲವೆ ಲೇಖನಿಗೆ ಕೆಲಸ?

ತಾಬೋವಿನಿಂದಲೇ ಇನ್ನೊಂದು ಶಬ್ದದ ಪರೀಕ್ಷೆಯೂ ಆಗುತ್ತದೆ. ಈ ಲೇಖನಗಳಲ್ಲಿ ‘ದುರ್ಗಮ’ ಎಂಬ ವಿಶೇಷಣ ಬಾರದ ಪ್ಯಾರಾ ಇಲ್ಲ. ಯಾರಿಗೆ ದುರ್ಗಮ? ಹತ್ತನೆಯ ಶತಮಾನದಲ್ಲಿ ರಾಜರೂ ಪಂಡಿತರೂ ಚಿತ್ರಕಾರರೂ ಬಂದು ಹೋಗುತ್ತಿದ್ದ ದಾರಿ ಅದು. ಟಿಬೆಟ್ಟಿನೊಡನೆ ಉಪ್ಪು ಉಣ್ಣೆಗಳ ವ್ಯಾಪಾರ ನಡೆಯುತ್ತಿತ್ತು. 1962ರ ಯುದ್ಧದ ಬಳಿಕ ಗಡಿ ಮುಚ್ಚಿತು, ನಡುಮನೆಯಾಗಿದ್ದದ್ದು ಹಿತ್ತಿಲಾಯಿತು. ಅಂದರೆ ಅಲ್ಲಿನ ದುರ್ಗಮತೆಯಲ್ಲಿ ಒಂದು ಪಾಲು ಬೆಟ್ಟದ್ದಾದರೆ ಇನ್ನೊಂದು ಪಾಲು ಚರಿತ್ರೆಯದು. ಇದನ್ನು ಅರಿಯದೆ ಬರೆದಾಗ ಆ ಊರಿನವರು ಕಾಲದಿಂದ ಹೊರಗೆ ಉಳಿದ ಮುಗ್ಧರಾಗಿ ಕಾಣುತ್ತಾರೆ, ನಾವು ಅವರನ್ನು ಕಂಡುಹಿಡಿದವರಾಗುತ್ತೇವೆ.

ಅತ್ಯುನ್ನತಗಳ ವಿಚಾರವೂ ಹೀಗೆಯೇ. ಹಿಕ್ಕಿಮ್ಮಿನ ಅಂಚೆಕಚೇರಿ ಸುಮಾರು 4,400 ಮೀಟರು ಎತ್ತರದಲ್ಲಿ 1983ರಿಂದ ನಡೆದಿರುವುದು ನಿಜವಾಗಿಯೂ ಸೋಜಿಗ. ಆದರೆ ಎತ್ತರವೆಂಬುದು ಅಳತೆ, ಅನುಭವವಲ್ಲ. ತಂಡಗಳು ಅಲ್ಲಿಗೆ ಹೋಗುವ ಆಗಸ್ಟ್ ತಿಂಗಳಲ್ಲಿ ಊರಿನ ಹೆಂಗಸರು ಗಂಡಸರೆಲ್ಲ ಹಸಿ ಬಟಾಣಿಯ ಕೊಯ್ಲಿನಲ್ಲಿರುತ್ತಾರೆ. ಹಿಂದೆ ಉಣ್ಣುವುದಕ್ಕೆ ಬಾರ್ಲಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಬಯಲುಸೀಮೆಯ ಪೇಟೆಗೆ ಹೋಗುವ ಬಟಾಣಿ. ವರ್ಷದ ನಗದೆಲ್ಲ ಅದರಿಂದ. ಅದಕ್ಕೆ ನೀರು ಚಳಿಗಾಲದ ಹಿಮದಿಂದ. ಹಿಮ ಕಡಮೆ ಬಿದ್ದ ವರ್ಷ ಕಾಲುವೆ ಬೇಗ ಬತ್ತುತ್ತದೆ. ಕಾರ್ಡಿಗೆ ಮುದ್ರೆ ಒತ್ತಿಸಿಕೊಳ್ಳಲು ನಿಂತ ಸಾಲಿನ ಬೆನ್ನ ಹಿಂದೆಯೇ ಆ ಹೊಲ. ‘ಎಲ್ಲೆಲ್ಲೂ ಬರಡು, ಚಂದ್ರಲೋಕದಂತೆ’ ಎಂದು ಬರೆಯುತ್ತಾರೆ.

ಹಿಂದಿಯ ಕೃಷ್ಣನಾಥರು ಕಾಶಿಯಲ್ಲಿ ಅರ್ಥಶಾಸ್ತ್ರ ಕಲಿಸಿದವರು, ಬೌದ್ಧ ದರ್ಶನವನ್ನು ಓದಿದವರು. ಅವರ ಸ್ಪಿತಿಯ ಪ್ರವಾಸಕಥನಕ್ಕೆ ‘ಸ್ಪಿತಿ ಮೇಂ ಬಾರಿಶ್’ ಎಂದು ಹೆಸರು. ಹೆಸರಿನಲ್ಲೇ ಒಂದು ಬೆರಗಿದೆ. ಮುಂಗಾರಿನ ಮೋಡಗಳು ಪರ್ವತದ ಆಚೆಗೇ ನಿಲ್ಲುವ ಆ ಕಣಿವೆಯಲ್ಲಿ ಮಳೆಯೇ ಒಂದು ಸುದ್ದಿ. ಅವರು ಕಾಜಾದಲ್ಲಿದ್ದಾಗ ಒಂದು ರಾತ್ರಿ ಮಳೆ ಬರುತ್ತದೆ. ಊರಿನವರು ಅದನ್ನು ಶುಭವೆಂದು ಭಾವಿಸುತ್ತಾರೆ. ಆಡಳಿತದ ಲೆಕ್ಕ, ಜನಸಂಖ್ಯೆ, ಋತುಗಳ ವಿಚಾರವನ್ನೆಲ್ಲ ಓದಿಕೊಂಡು ಬಂದ ನಮಗೆ ಆ ಮಳೆ ತಟ್ಟುವುದೇ ಬೇರೆ ರೀತಿ. ನಮ್ಮ ಸವಾರರ ಲೇಖನಗಳಲ್ಲಿಯೂ ಮಳೆ ಬರುತ್ತದೆ: ಜಾಕೀಟು ಒದ್ದೆಯಾಯಿತು, ಅರ್ಧ ದಿನ ಹಾಳಾಯಿತು. ಚಪ್ಪಟೆ ಮಣ್ಣಿನ ಮಾಳಿಗೆಯ ಮನೆಯವರಿಗೆ ಆ ರಾತ್ರಿ ಏನಾಯಿತೆಂದು ಒಬ್ಬರೂ ಇಣಿಕಿ ನೋಡಲಿಲ್ಲ.

ಆದರೂ ನಾನು ನಿರಾಶನಲ್ಲ. ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಇಂಥದೇ ಪ್ರವಾಸದ ಲೇಖನ ಕೊಟ್ಟಿದ್ದ. ವಾಕ್ಯಗಳು ಒರಟು, ಕಾಗುಣಿತ ಅಲ್ಲಲ್ಲಿ ತಪ್ಪು. ಬಾತಲ್ ಸಮೀಪ ಅವನ ಗಾಡಿಯ ಚಕ್ರ ಬಗ್ಗಿ ವ್ಯಾನಿಗಾಗಿ ಮೂರು ಗಂಟೆ ಕಾಯಬೇಕಾಯಿತಂತೆ. ಆ ಮೂರು ಗಂಟೆಗೆ ಅವನು ಎರಡು ಪುಟ ಕೊಟ್ಟಿದ್ದಾನೆ. ರಸ್ತೆಗೆ ಕಲ್ಲು ಹಾಕುತ್ತಿದ್ದ ಜಾರ್ಖಂಡದ ಕೂಲಿಗಳು ಅವನಿಗೆ ತಮ್ಮ ಚಹಾದಲ್ಲಿ ಪಾಲು ಕೊಟ್ಟದ್ದು; ಹಿಮ ಬೀಳುವ ಮುನ್ನ ಊರಿಗೆ ಮರಳುತ್ತೇವೆಂದು ಅವರು ಹೇಳಿದ್ದು; ಹಾಕಿದ ರಸ್ತೆಯನ್ನು ಹಳ್ಳ ಪ್ರತಿವರ್ಷ ಕೊಂಡೊಯ್ಯುತ್ತದಾದ್ದರಿಂದ ಬರುವ ವರ್ಷವೂ ಕೆಲಸವುಂಟೆಂದು ಅವರಲ್ಲೊಬ್ಬ ನಕ್ಕದ್ದು. ವ್ಯಾನು ಬಂದಾಗ ತನಗೆ ಸ್ವಲ್ಪ ಬೇಸರವಾಯಿತೆಂದು ಬರೆದಿದ್ದ. ಕಾಗುಣಿತವನ್ನು ತಿದ್ದಿದೆ, ಕೊನೆಯಲ್ಲಿದ್ದ ಆತ್ಮಶೋಧನೆಯ ಪ್ಯಾರಾವನ್ನು ಅವನ ಒಪ್ಪಿಗೆ ಪಡೆದು ತೆಗೆದೆ, ಆ ಎರಡು ಪುಟಗಳನ್ನು ಮಾತ್ರ ಇದ್ದಂತೆಯೇ ಅಚ್ಚಿಗೆ ಕಳಿಸಿದೆ.