ಸಾಲಿಲ್ಲದ ಸೈನ್ಯ

'ಏಜ್ ಆಫ್ ಎಂಪೈರ್ಸ್' ಮಾಲೆಯ ಎರಡನೆಯ ಆಟವು 1999ರಲ್ಲಿ ಹೊರಬಂದಂದಿನಿಂದ ಗಳಿಸಿಕೊಂಡಿರುವ ಕೀರ್ತಿಯಲ್ಲಿ ಬಹುಭಾಗ ನ್ಯಾಯವಾದುದೇ. ಅದರ ಸಂಪತ್ಸಂಗ್ರಹದ ಕ್ರಮ, ಕೋಟೆಕೊತ್ತಲಗಳು, ಯುಗದಿಂದ ಯುಗಕ್ಕೆ ಏರುವ ಸೋಪಾನ ಇವುಗಳನ್ನು ಬಲ್ಲವರಿಗೆ ಮತ್ತೆ ವಿವರಿಸಬೇಕಾಗಿಲ್ಲ. ಆದರೆ ಮಧ್ಯಯುಗದ ಕದನವನ್ನು ಯಥಾರ್ಥವಾಗಿ ಕಾಣಿಸುವ ಕೃತಿಯೆಂದು ಅದಕ್ಕೆ ಸಲ್ಲುತ್ತಿರುವ ಪ್ರಶಂಸೆಯನ್ನು ನಾನು ಒಪ್ಪಲಾರೆ.

ಅದರ ಈಟಿಗಾರನನ್ನೇ ನೋಡೋಣ. ಇಂದು ಜನ ಆಡುವ 2019ರ ಆವೃತ್ತಿಯಲ್ಲಿ ಅವನ ಹಿಟ್ ಪಾಯಿಂಟ್, ಎಂದರೆ ಪ್ರಾಣಬಲದ ಅಂಕ, 45, ಹೊಡೆತದ ಬಲ 3. ಎದುರಾಳಿ ಕುದುರೆಯೇರಿದ್ದರೆ ಆ ಬಲಕ್ಕೆ ಇನ್ನೂ 15 ಕೂಡುತ್ತದೆ. ಈ 15 ಎಲ್ಲಿಂದ ಬಂದಿತು? ಎಡಬಲಗಳಲ್ಲಿ ಸಂಗಡಿಗರು ನಿಂತಿರಲಿ, ಅವನೊಬ್ಬನೇ ಬಯಲಿನಲ್ಲಿ ಸಿಕ್ಕಿಬಿದ್ದಿರಲಿ, ಕುದುರೆಯೇರಿದ ನೈಟನು ಮುಂದಿನಿಂದ ಬರಲಿ, ಬೆನ್ನ ಹಿಂದಿನಿಂದ ಬರಲಿ, ಆ ಅಂಕ ಬದಲಾಗದು. ವ್ಯೂಹದಲ್ಲಿ ಹುಟ್ಟಬೇಕಾದ ಶಕ್ತಿಯನ್ನು ಆಟವು ಒಬ್ಬೊಬ್ಬನ ಮೈಯೊಳಗೆ ತುಂಬಿಬಿಟ್ಟಿದೆ. ವ್ಯೂಹಗಳನ್ನು ಆರಿಸುವ ಗುಂಡಿಗಳೇನೋ ಉಂಟು. ಅವು ಆಳುಗಳ ಸ್ಥಾನವನ್ನು ಬದಲಿಸುತ್ತವೆಯೇ ವಿನಾ ಅವರ ಬಲಕ್ಕೆ ಏನನ್ನೂ ಕೂಡಿಸುವುದಿಲ್ಲ. ಇತ್ತ ನೈಟನೂ ತನ್ನ 100 ಹಿಟ್ ಪಾಯಿಂಟುಗಳಲ್ಲಿ 99ನ್ನು ಕಳೆದುಕೊಂಡ ಮೇಲೂ ಭಯವನ್ನರಿಯದೆ, ದಣಿವನ್ನರಿಯದೆ, ಮೊದಲಿನಷ್ಟೇ ಬಲದಿಂದ ಹೊಡೆಯುತ್ತಾನೆ.

ಈ ಆಟವೇ ತನ್ನ ಮೊದಲ ಪಾಠಗಳಿಗೆ ವಿಲಿಯಂ ವಾಲೇಸನ ಕಥೆಯನ್ನು ಆರಿಸಿಕೊಂಡಿರುವುದರಿಂದ, ಫಾಲ್ಕರ್ಕಿನ ಸಾಕ್ಷ್ಯವನ್ನು ಕೇಳುವುದು ಅನ್ಯಾಯವಾಗದು. 1298ರ ಜುಲೈಯಲ್ಲಿ ಅಲ್ಲಿ ವಾಲೇಸನ ನಾಯಕತ್ವದ ಸ್ಕಾಟರ ಈಟಿಗಾರರು ದಟ್ಟವಾದ ವ್ಯೂಹಗಳಲ್ಲಿ ಮೈಗೆ ಮೈ ತಾಗಿಸಿ ನಿಂತಿದ್ದಷ್ಟು ಹೊತ್ತು ಇಂಗ್ಲಿಷ್ ಅಶ್ವಾರೋಹಿಗಳು ಅವರನ್ನು ಭೇದಿಸಲಾರದೆ ಹೋದರು. ಒಂದನೆಯ ಎಡ್ವರ್ಡನ ಬಿಲ್ಲಾಳುಗಳು ಬಾಣದ ಮಳೆಗರೆದು ಸಾಲುಗಳಲ್ಲಿ ಬಿರುಕು ಮೂಡಿಸಿದ ಅನಂತರವೇ ಕುದುರೆಗಳು ಒಳನುಗ್ಗಿದವು. ಉಳಿದವರ ಕೈಯಲ್ಲಿ ಅದೇ ಈಟಿಗಳಿದ್ದುವು, ಇಲ್ಲವಾದುದು ನೆರೆಯವನು. ಆ ಸೋಲನ್ನು ಆಟವು ಗೆಲವಾಗಿಸುತ್ತದೆಂಬುದು ನನ್ನ ಆಕ್ಷೇಪವಲ್ಲ. ಸೋತುದು ಏತಕ್ಕೆಂದು ತಿಳಿಸಬಲ್ಲ ಸಾಧನವೇ ಅದರಲ್ಲಿಲ್ಲವೆಂಬುದು ಆಕ್ಷೇಪ.

ಇದಕ್ಕೆ ಅದರ ಪಕ್ಷಪಾತಿಗಳಾದ ವಿಮರ್ಶಕರು ಕೊಡುವ ಉತ್ತರ, ಆಟಕ್ಕೆ ಸಮತೋಲ ಮುಖ್ಯ, ಇತಿಹಾಸವಲ್ಲ, ಎಂಬುದು. ಹಾಗಾದರೆ ಇತಿಹಾಸದ ಹೆಸರಿನಲ್ಲಿ ಅದನ್ನು ಹೊಗಳುವುದನ್ನು ಅವರು ಬಿಡಬೇಕು. ಒಂದು ಪುಟದಲ್ಲಿ ಇತಿಹಾಸಬೋಧಕವೆಂದು ಕೊಂಡಾಡಿ, ದೋಷವನ್ನು ತೋರಿಸಿದೊಡನೆ ಮರುಪುಟದಲ್ಲಿ ಬರಿಯ ವಿನೋದವೆಂದು ರಕ್ಷಿಸುವುದು ವಿಮರ್ಶೆಯಲ್ಲ, ವಕೀಲಿ. ಇನ್ನು ಕೆಲವರು ಧೈರ್ಯ, ಭೀತಿಗಳು ಲೆಕ್ಕಕ್ಕೆ ಸಿಲುಕದ ವಸ್ತುಗಳೆನ್ನುತ್ತಾರೆ. ಅವರು 1997ರಲ್ಲಿಯೇ ಬಂದ 'ಸಿಡ್ ಮೇಯರ್ಸ್ ಗೆಟ್ಟಿಸ್‌ಬರ್ಗ್' ಆಟವನ್ನು ನೋಡಿದಂತೆ ತೋರುವುದಿಲ್ಲ. ಅಲ್ಲಿ ಪಕ್ಕದ ರೆಜಿಮೆಂಟ್ ಗಟ್ಟಿಯಾಗಿ ನಿಂತರೆ ಈ ರೆಜಿಮೆಂಟಿನ ಸ್ಥೈರ್ಯ ಏರುತ್ತದೆ, ಪಾರ್ಶ್ವದಿಂದ ಗುಂಡು ಬಿದ್ದರೆ ಕುಸಿಯುತ್ತದೆ, ಜನ ಸಾಯುವ ಮೊದಲೇ ಸಾಲು ಮುರಿದು ಓಡುತ್ತದೆ. ಎರಡು ವರುಷ ಹಿಂದೆಯೇ ಸಾಧ್ಯವಾಗಿದ್ದುದನ್ನು 'ಏಜ್ ಆಫ್ ಎಂಪೈರ್ಸ್' ಕೈಬಿಟ್ಟುದು ಅಶಕ್ತಿಯಿಂದಲ್ಲ, ಆಯ್ಕೆಯಿಂದ. 'ಗೆಟ್ಟಿಸ್‌ಬರ್ಗ್' ಆಟವನ್ನು ಮರೆತು ಆ ಆಯ್ಕೆಗೆ ಯಥಾರ್ಥತೆಯ ಕಿರೀಟವಿಟ್ಟವರು ವಿಮರ್ಶಕರು.